ಬೊಜ್ಜಿಗೆ ಶಸ್ತ್ರ ಬಂದ ಬಗೆ

ಭಾದ್ರಪದದ ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದೆಂಬ ಕಟ್ಟಳೆಯ ಹಿಂದಿನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹೊಟ್ಟೆ ತುಂಬ ಕಡುಬು, ಮೋದಕಗಳನ್ನು ಉಂಡು ಇಲಿಯನ್ನೇರಿ ಹೊರಟ ಗಣಪ ದಾರಿಯಲ್ಲಿ ಬಿದ್ದ, ಹೊಟ್ಟೆ ಬಿರಿಯಿತು, ಹಾವೊಂದನ್ನು ಹಿಡಿದು ಹೊಟ್ಟೆಗೆ ಬಿಗಿದುಕೊಂಡ. ಮೇಲಿನಿಂದ ನೋಡುತ್ತಿದ್ದ ಚಂದ್ರ ನಕ್ಕ, ಶಾಪಕ್ಕೆ ಗುರಿಯಾದ. ಕಥೆ ಕೇಳುವಾಗ ನಾವೂ ಚಂದ್ರನ ಜೊತೆ ನಗುತ್ತೇವೆ. ಶಿಕ್ಷೆಯಾದದ್ದು ಹೊಟ್ಟೆಯವನಿಗಲ್ಲ, ನಕ್ಕವನಿಗೆ ಎಂಬುದನ್ನು ಮಾತ್ರ ಮರೆಯುತ್ತೇವೆ. ದಪ್ಪ ಮೈಯವರನ್ನು ಕಂಡು ನಗುವುದು ಲೋಕರೂಢಿ. ಅದು ನಾಟಕದ ಹಾಸ್ಯಗಾರನಿಗೆ ಬಂಡವಾಳವಾಯಿತು. ವೈದ್ಯಶಾಸ್ತ್ರವೂ ಬಹುಕಾಲ ಆ ನಗೆಯಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ.

ಇಂದು ನಗರದ ಅನೇಕ ಮನೆಗಳಲ್ಲಿ ಒಂದು ಚರ್ಚೆ ನಡೆಯುತ್ತಿದೆ. ಮನೆಯಲ್ಲೊಬ್ಬರ ಮೈಭಾರ ಮಿತಿಮೀರಿದೆ. ಜೊತೆಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹೀಗೆ ಒಂದರ ಬೆನ್ನಿಗೆ ಒಂದು ಬೇನೆ. ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಮನೆಯ ಹಿರಿಯರು ಕೇಳುತ್ತಾರೆ: ‘ಬಾಯಿ ಕಟ್ಟಿದರೆ ಹೋಗುವ ಬೊಜ್ಜಿಗೆ ಕತ್ತಿ ಏಕೆ? ಅದೂ ಇಷ್ಟೊಂದು ಕಾಯಿಲೆಗಳನ್ನು ಮೈಯಲ್ಲಿಟ್ಟುಕೊಂಡು?’ ಎರಡೂ ಸಹಜವಾದ ಪ್ರಶ್ನೆಗಳೇ. ಎರಡಕ್ಕೂ ಚರಿತ್ರೆಯಲ್ಲಿ ಉತ್ತರವುಂಟು. ಆದರೆ ಆ ಉತ್ತರಗಳು ಸುಲಭವಾಗಿ ಬಂದವಲ್ಲ.

ಮೊದಲನೆಯ ಪ್ರಶ್ನೆ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ಶರೀರಗಳ ವಿಚಾರ ಬರುತ್ತದೆ. ಅತಿ ಎತ್ತರದವನು, ಅತಿ ಕುಳ್ಳನು ಮೊದಲಾದ ಆರು ಮಂದಿಯನ್ನು ಹೆಸರಿಸಿ ಬಿಟ್ಟು, ಅತಿಸ್ಥೂಲ ಮತ್ತು ಅತಿಕೃಶ ಎಂಬ ಇಬ್ಬರನ್ನು ಮಾತ್ರ ಗ್ರಂಥ ವಿವರವಾಗಿ ಪರಿಶೀಲಿಸುತ್ತದೆ. ಸ್ಥೂಲನ ಆಯುಸ್ಸು ಕುಗ್ಗುತ್ತದೆ, ಚಲನೆ ತಗ್ಗುತ್ತದೆ, ಹಸಿವು ಬಾಯಾರಿಕೆಗಳು ಹೆಚ್ಚುತ್ತವೆ. ಕಾರಣಗಳನ್ನು ಹೇಳುವಾಗ ಅತಿಭೋಜನ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ ಇವುಗಳ ಜೊತೆಗೆ ‘ಬೀಜಸ್ವಭಾವ’ ಎಂಬುದನ್ನೂ ಸೇರಿಸಿದೆ. ಎಂದರೆ ಹುಟ್ಟಿನಿಂದಲೇ ಬಂದ ಗುಣ. ಅಲ್ಲದೆ, ಕೊಬ್ಬು ದಾರಿ ಕಟ್ಟಿದಾಗ ವಾಯು ಹೊಟ್ಟೆಯ ಬೆಂಕಿಯನ್ನು ಊದಿ ಕೆರಳಿಸುತ್ತದೆ, ಆ ಬೆಂಕಿ ಕಾಡನ್ನು ಸುಡುವ ಕಿಚ್ಚಿನಂತೆ ಸ್ಥೂಲನನ್ನು ಸುಡುತ್ತದೆ ಎಂಬ ಹೋಲಿಕೆಯೂ ಅಲ್ಲಿದೆ. ಹಸಿವು ಹಟವಲ್ಲ, ಅದೂ ರೋಗದ ಒಂದು ಭಾಗ ಎಂಬ ತಿಳಿವಳಿಕೆ ಆಗಲೇ ಇತ್ತು. ಆದುದರಿಂದಲೇ ಎರಡರಲ್ಲಿ ಕೃಶತೆಯೇ ವಾಸಿ, ಸ್ಥೌಲ್ಯದ ಚಿಕಿತ್ಸೆ ಕಷ್ಟ ಎಂದು ಗ್ರಂಥ ತೀರ್ಮಾನಿಸುತ್ತದೆ. ಶಸ್ತ್ರವಿದ್ಯೆಗೆ ಹೆಸರಾದ ಸುಶ್ರುತನೂ ಇದಕ್ಕೆ ಹೇಳಿದ್ದು ಔಷಧ, ಆಹಾರ, ವ್ಯಾಯಾಮಗಳನ್ನೇ ಹೊರತು ಶಸ್ತ್ರವನ್ನಲ್ಲ.

ಬೊಜ್ಜಿನಿಂದ ರಾಜ್ಯವನ್ನೇ ಕಳೆದುಕೊಂಡವನೂ ಒಬ್ಬನುಂಟು. ಹತ್ತನೆಯ ಶತಮಾನದಲ್ಲಿ ಸ್ಪೇನಿನ ಲಿಯೋನ್ ರಾಜ್ಯವನ್ನಾಳಿದ ಸಾಂಚೋ ಎಂಬ ದೊರೆಗೆ ‘ದಪ್ಪ ಸಾಂಚೋ’ ಎಂದೇ ಹೆಸರು. ಕುದುರೆ ಏರಲಾರದ ದೊರೆ ನಮಗೇಕೆಂದು ಸಾಮಂತರು 958ರಲ್ಲಿ ಅವನನ್ನು ಪಟ್ಟದಿಂದ ಇಳಿಸಿದರು. ಅವನ ಅಜ್ಜಿ, ನವಾರದ ರಾಣಿ ಟೋಡಾ, ಧರ್ಮದ್ವೇಷವನ್ನು ಬದಿಗಿಟ್ಟು ಕಾರ್ಡೋವದ ಖಲೀಫ ಮೂರನೆಯ ಅಬ್ದುಲ್ ರಹಮಾನನ ನೆರವು ಬೇಡಿದಳು. ಖಲೀಫನ ಆಸ್ಥಾನದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್ ಮೊಮ್ಮಗನಿಗೆ ಚಿಕಿತ್ಸೆ ಮಾಡಿದ. ತುಟಿಗಳನ್ನು ಹೊಲಿದು ದ್ರವಾಹಾರ ಮಾತ್ರ ಕೊಟ್ಟರೆಂಬ ದಂತಕಥೆಯೂ ಇದೆ. ಅಂತೂ ದೊರೆ ಇಳಿದ ಮೈಯೊಡನೆ, ಖಲೀಫನ ಸೈನ್ಯದ ಬೆಂಬಲದೊಡನೆ ಹಿಂದಿರುಗಿ ಸಿಂಹಾಸನ ಏರಿದ. ‘ಬಾಯಿ ಕಟ್ಟು’ ಎಂಬ ಉಪದೇಶವನ್ನು ಪೂರ್ತಿ ನಡೆಸಬೇಕಾದರೆ ಒಬ್ಬ ಅಜ್ಜಿ, ಒಬ್ಬ ಖಲೀಫ, ಒಬ್ಬ ರಾಜವೈದ್ಯ ಇಷ್ಟು ಜನ ಕಾವಲಿರಬೇಕಾಯಿತು ಎಂಬುದು ಈ ಕಥೆಯ ಸ್ವಾರಸ್ಯ. ಸಾಮಾನ್ಯರಿಗೆ ಆ ಕಾವಲೆಲ್ಲಿ?

ಜಠರದ ಭಾಗವನ್ನು ಕತ್ತರಿಸಿ ತೆಗೆಯುವುದರಲ್ಲಿ ಶಸ್ತ್ರವೈದ್ಯರಿಗೆ ಯಶಸ್ಸು ದೊರೆತದ್ದು 1881ರಲ್ಲಿ. ಆ ವರ್ಷ ವಿಯೆನ್ನಾದ ಬಿಲ್‌ರಾತ್ ಎಂಬ ಪಂಡಿತರು ಅರ್ಬುದ ರೋಗ ಹಿಡಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು ಉಳಿದುದನ್ನು ಕರುಳಿಗೆ ಜೋಡಿಸಿ ಯಶಸ್ವಿಯಾದರು. ಮುಂದೆ ಹೊಟ್ಟೆಹುಣ್ಣಿಗೂ ಇಂಥ ಚಿಕಿತ್ಸೆ ಬಳಕೆಗೆ ಬಂದಿತು. ಹಾಗೆ ಜಠರ ಕಿರಿದಾದವರು ಮತ್ತೆ ಮೈ ತುಂಬಿಕೊಳ್ಳುವುದು ಕಷ್ಟವೆಂಬುದನ್ನು ವೈದ್ಯರು ಕಂಡಿದ್ದರು. ಒಂದು ರೋಗದಲ್ಲಿ ತೊಂದರೆ ಎನಿಸಿದ್ದು ಇನ್ನೊಂದು ರೋಗಕ್ಕೆ ಮದ್ದಾದೀತು ಎಂಬ ಯೋಚನೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಆದರೆ ಬೊಜ್ಜಿನ ಶಸ್ತ್ರಚಿಕಿತ್ಸೆ ಮೊದಲು ಹಿಡಿದದ್ದು ಬೇರೆ ದಾರಿ. 1954ರಲ್ಲಿ ಅಮೆರಿಕದ ಮಿನ್ನೆಸೋಟದ ಕ್ರೆಮೆನ್, ಲಿನ್ನರ್, ನೆಲ್ಸನ್ ಎಂಬುವರು ಸಣ್ಣ ಕರುಳಿನ ಬಹುಭಾಗವನ್ನು ದಾಟಿಸಿ ಆಹಾರವನ್ನು ಅಡ್ಡದಾರಿಯಲ್ಲಿ ಕಳುಹಿಸುವ ಕ್ರಮವನ್ನು ಪ್ರಕಟಿಸಿದರು. ಉಣ್ಣುವುದನ್ನು ಕಡಿಮೆ ಮಾಡಬೇಕಾಗಿಲ್ಲ. ಉಂಡದ್ದು ಮೈಗೆ ಹತ್ತದಿದ್ದರೆ ಸಾಕು ಎಂಬುದು ಇದರ ತತ್ತ್ವ. ಲಾಸ್ ಏಂಜಲೀಸಿನ ಪೇನ್ ಮತ್ತು ಡಿವಿಂಡ್ 1969ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು: ಕರುಳಿನ ಆರಂಭದ 14 ಅಂಗುಲವನ್ನು ಕೊನೆಯ 4 ಅಂಗುಲಕ್ಕೆ ಜೋಡಿಸುವುದು. ಸುಮಾರು ಇಪ್ಪತ್ತು ಅಡಿ ಉದ್ದದ ಕರುಳಿನಲ್ಲಿ ಕೆಲಸಕ್ಕೆ ಉಳಿದದ್ದು ಒಂದೂವರೆ ಅಡಿ!

ತೂಕವೇನೋ ಇಳಿಯಿತು. ಆದರೆ ಅದರ ಬೆಲೆಯನ್ನು ಉಳಿದ ಅಂಗಗಳು ತೆರಬೇಕಾಯಿತು. ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಜೀವಸತ್ತ್ವಗಳ ಕೊರತೆ; ಕೆಲವರಿಗೆ ಯಕೃತ್ತೇ ಕೆಟ್ಟು ಪ್ರಾಣಕ್ಕೆ ಬಂದಿತು. ಅನೇಕರ ಕರುಳನ್ನು ಮತ್ತೆ ಹಿಂದಿನಂತೆಯೇ ಜೋಡಿಸಬೇಕಾಯಿತು. 1980ರ ಸುಮಾರಿಗೆ ವೈದ್ಯರು ಈ ಕ್ರಮವನ್ನು ಕೈಬಿಟ್ಟರು. ಈ ಶಸ್ತ್ರದ ದೋಷ ಶಸ್ತ್ರಶಾಲೆಯ ಮೇಜಿನ ಮೇಲೆ ಕಾಣಿಸಲಿಲ್ಲ. ರೋಗಿ ಮನೆಗೆ ಹೋಗಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಕಾಣಿಸಿತು. ತಕ್ಕಡಿಯ ಮುಳ್ಳನ್ನೇ ನೋಡುತ್ತ ಕುಳಿತವರಿಗೆ ಮೈಯ ಉಳಿದ ಲೆಕ್ಕಗಳು ತಪ್ಪಿಹೋಗುತ್ತವೆ ಎಂಬ ಪಾಠವನ್ನು ಆ ರೋಗಿಗಳು ತಮ್ಮ ಮೈಯಿಂದಲೇ ಕಲಿಸಿದರು.

ಇದೇ ಕಾಲಕ್ಕೆ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಹೊಟ್ಟೆಹುಣ್ಣಿನವರ ಅನುಭವವನ್ನು ನೆನೆದು ಬೇರೆ ದಾರಿ ಹಿಡಿದರು. 1966ರಲ್ಲಿ ಅವರು ಜಠರದ ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲವನ್ನು ಬೇರ್ಪಡಿಸಿ ಅದನ್ನು ಕರುಳಿಗೆ ಜೋಡಿಸಿದರು. ಮರುವರ್ಷ ಚಿಕಾಶಿ ಇಟೋ ಎಂಬುವರೊಡನೆ ಅದನ್ನು ಪ್ರಕಟಿಸಿದರು. ‘ಗ್ಯಾಸ್ಟ್ರಿಕ್ ಬೈಪಾಸ್’ ಎಂದು ಇಂದು ಹೆಸರಾಗಿರುವ ಚಿಕಿತ್ಸೆಯ ಮೂಲ ಇದು. ಜಠರಕ್ಕೆ ಹೊರಗಿನಿಂದ ಪಟ್ಟಿ ಬಿಗಿಯುವ ಕ್ರಮವೂ ಮುಂದೆ ಬಂದು ಕೆಲಕಾಲ ಮೆರೆಯಿತು. ನಮ್ಮ ಗಣಪನ ಹಾವಿನ ಪಟ್ಟಿಯನ್ನು ಬಲ್ಲವರಿಗೆ ಅದು ಅಷ್ಟೇನೂ ಹೊಸದೆನಿಸಲಾರದು.

ಇನ್ನು ಹಿರಿಯರ ಎರಡನೆಯ ಪ್ರಶ್ನೆ: ಇಷ್ಟು ಕಾಯಿಲೆಗಳಿರುವಾಗ ಶಸ್ತ್ರವೇ? ಕಾಯಿಲೆ ಹೆಚ್ಚಾದಷ್ಟೂ ಶಸ್ತ್ರದಿಂದ ದೂರವಿರಬೇಕೆಂಬುದು ಲೋಕದ ಎಣಿಕೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಕೂಡಿಸಿ ಕೊಟ್ಟ ಹೇಳಿಕೆ ಈ ಎಣಿಕೆಯನ್ನು ತಿರುವುಮುರುವು ಮಾಡಿತು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. ಆ ಅಂಕಿ 40 ಆದವರು ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದು. ತೀವ್ರವಾದ ಜೊತೆಕಾಯಿಲೆಗಳಿದ್ದರೆ 35ಕ್ಕೇ ಯೋಚಿಸಬಹುದು ಎಂದು ಅವರು ಹೇಳಿದರು. 165 ಸೆಂಟಿಮೀಟರ್ ಎತ್ತರದವರಿಗೆ ಇವು ಕ್ರಮವಾಗಿ ಸುಮಾರು 109 ಮತ್ತು 95 ಕಿಲೋ ತೂಕಗಳು. ಎಂದರೆ ಜೊತೆಕಾಯಿಲೆ ಬಾಗಿಲು ಮುಚ್ಚುವ ಅಗುಳಿಯಾಗಿ ಉಳಿಯಲಿಲ್ಲ, ಬಾಗಿಲು ತೆರೆಯುವ ಕೀಲಿಯಾಯಿತು. ಅದರೊಡನೆ, ನಾನಾ ಶಾಸ್ತ್ರಗಳ ವೈದ್ಯರ ತಂಡವೇ ಕೂಡಿ ರೋಗಿಯನ್ನು ಪರೀಕ್ಷಿಸಬೇಕೆಂಬ ಷರತ್ತನ್ನೂ ಹಾಕಿದರು.

ನಾಲ್ಕು ವರ್ಷಗಳ ಮೇಲೆ, 1995ರಲ್ಲಿ, ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 608 ರೋಗಿಗಳ ಹದಿನಾಲ್ಕು ವರ್ಷಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಮಧುಮೇಹವಿದ್ದ 146 ಮಂದಿಯ ಪೈಕಿ 121 ಮಂದಿಗೆ ರಕ್ತದ ಸಕ್ಕರೆ ಸಹಜಸ್ಥಿತಿಗೆ ಬಂದಿತ್ತು. ಅಚ್ಚರಿಯೆಂದರೆ, ಎಷ್ಟೋ ಜನರಲ್ಲಿ ತೂಕ ಇಳಿಯುವುದಕ್ಕೆ ಮೊದಲೇ, ಕೆಲವು ದಿನಗಳಲ್ಲಿಯೇ ಸಕ್ಕರೆ ಇಳಿದಿತ್ತು! ಆಹಾರ ಬೇಗನೆ ಕೆಳಗರುಳನ್ನು ಮುಟ್ಟಿದಾಗ ಅಲ್ಲಿಂದ ಹೊರಡುವ ಜಿ.ಎಲ್.ಪಿ.-1 ಮೊದಲಾದ ರಸಗಳು ಹಸಿವನ್ನೂ ಸಕ್ಕರೆಯನ್ನೂ ಹದಕ್ಕೆ ತರುತ್ತವೆ ಎಂಬುದು ಇದಕ್ಕೆ ಒಂದು ವಿವರಣೆ. ಜಠರ ಕರುಳುಗಳು ಬರಿಯ ಚೀಲ ಕೊಳವೆಗಳಲ್ಲ, ಮೈಯೊಡನೆ ಮಾತಾಡುವ ಅಂಗಗಳು ಎಂದು ತಿಳಿಯಿತು. ಹಸಿವು ಹಟವಲ್ಲ ಎಂಬ ಚರಕಸಂಹಿತೆಯ ಮಾತಿಗೆ ಪ್ರಯೋಗಶಾಲೆಯ ಮುದ್ರೆ ಬಿದ್ದಿತು. ಮಧುಮೇಹ ಕೆಲವರಲ್ಲಿ ವರ್ಷಗಳ ಮೇಲೆ ಮರಳಿ ಬರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಹಲವು ಕಾಯಿಲೆಗಳಿಂದ ನೊಂದವರಿಗೆ ಈ ಚರಿತ್ರೆಯಲ್ಲಿ ಬೇರೊಂದು ಗೌರವದ ಸ್ಥಾನವಿದೆ. 2000ದ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮಿಷೆಲ್ ಗಾನ್ಯೆ ಮತ್ತು ಸಂಗಡಿಗರ ಮುಂದೆ ಅತಿಭಾರದ, ಅಪಾಯ ಹೆಚ್ಚಾಗಿದ್ದ ರೋಗಿಗಳಿದ್ದರು. ದೀರ್ಘವಾದ ಶಸ್ತ್ರಕ್ರಿಯೆಯನ್ನು ಅವರ ಮೈ ತಾಳಲಾರದು. ಆದುದರಿಂದ ವೈದ್ಯರು ಕೆಲಸವನ್ನು ಎರಡು ಕಂತು ಮಾಡಿದರು: ಮೊದಲು ಜಠರವನ್ನು ಉದ್ದಕ್ಕೆ ಕತ್ತರಿಸಿ ಅಂಗಿಯ ತೋಳಿನಂತೆ ಕಿರಿದಾಗಿಸುವುದು, ತೂಕ ಇಳಿದು ಮೈ ಚೇತರಿಸಿದ ಮೇಲೆ ಕರುಳಿನ ಕೆಲಸ. ಆದರೆ ಮೊದಲ ಕಂತಿನಲ್ಲಿಯೇ ಅನೇಕರಿಗೆ ಸಾಕಷ್ಟು ಗುಣ ಕಂಡಿತು, ಎರಡನೆಯದು ಬೇಕಾಗಲಿಲ್ಲ. ‘ಸ್ಲೀವ್’ ಎಂಬ ಈ ಮೊದಲ ಕಂತೇ ಇಂದು ಲೋಕದಲ್ಲಿ ಅತಿ ಹೆಚ್ಚಾಗಿ ನಡೆಯುತ್ತಿರುವ ಬೊಜ್ಜಿನ ಶಸ್ತ್ರಚಿಕಿತ್ಸೆಯಾಗಿದೆ. ಶಸ್ತ್ರಕ್ಕೆ ತಕ್ಕವರಲ್ಲ ಎಂದು ಹಿಂದಕ್ಕೆ ಕಳುಹಿಸಬಹುದಾಗಿದ್ದವರಿಗಾಗಿ ಮಾಡಿದ ಉಪಾಯ ಎಲ್ಲರಿಗೂ ಹೆದ್ದಾರಿಯಾಯಿತು.

ಅಪಾಯವೆಷ್ಟು? 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 2,010 ಮಂದಿ ಶಸ್ತ್ರಚಿಕಿತ್ಸೆ ಪಡೆದಿದ್ದರು. ಅವರಂಥವರೇ ಆದ 2,037 ಮಂದಿ ಪಡೆದಿರಲಿಲ್ಲ. ಸರಾಸರಿ ಹನ್ನೊಂದು ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ 101 ಮಂದಿ, ಎರಡನೆಯದರಲ್ಲಿ 129 ಮಂದಿ ತೀರಿಕೊಂಡರು. ಶಸ್ತ್ರ ಬೇಡವೆಂದು ಸುಮ್ಮನಿರುವುದೂ ಅಪಾಯವಿಲ್ಲದ ದಾರಿಯಲ್ಲ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. 2009ರ ಅಮೆರಿಕದ ಅಧ್ಯಯನವೊಂದರಲ್ಲಿ 4,776 ರೋಗಿಗಳಲ್ಲಿ ಮೂವತ್ತು ದಿನಗಳೊಳಗೆ ಸತ್ತವರು ಸಾವಿರಕ್ಕೆ ಮೂವರು. ಆದರೆ ರಕ್ತನಾಳಗಳಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ನಿದ್ದೆಯಲ್ಲಿ ಉಸಿರು ಕಟ್ಟುವವರು, ನಡೆದಾಡಲು ಕಷ್ಟಪಡುವವರು, ಇವರಿಗೆ ತೊಡಕುಗಳ ಸಂಭವ ಹೆಚ್ಚೆಂದೂ ಅದು ಕಂಡುಕೊಂಡಿತು. ಹಿರಿಯರ ಅಂಜಿಕೆ ಬರಿಯ ಅಂಜಿಕೆಯಲ್ಲ.

ನಮ್ಮವರಿಗೆ ಈ ಮಾತು ಇನ್ನೂ ಹತ್ತಿರದ್ದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕರು, ಲಂಡನ್ನಿನ ಡಾ. ಯೂಡ್ಕಿನ್ನರು ತಮ್ಮಿಬ್ಬರ ಮೈಯನ್ನೇ ಅಳೆದು ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಲಂಡನ್ನಿನವರಲ್ಲಿ ನೂರಕ್ಕೆ 9.1, ಪುಣೆಯವರಲ್ಲಿ 21.2! ತೆಳ್ಳಗೆ ಕಾಣುವ ಭಾರತೀಯನೂ ಒಳಗೆ ಕೊಬ್ಬನ್ನು ಹೊತ್ತಿರುತ್ತಾನೆ. ಮಧುಮೇಹ ಅವನನ್ನು ಬೇಗ ಹಿಡಿಯುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಹಳೆಯ ನಿಯಮವನ್ನು ತಿದ್ದುವಾಗ ಏಷ್ಯದವರಿಗೆ 27.5ರಿಂದಲೇ ಈ ಚಿಕಿತ್ಸೆಯ ಅವಕಾಶವಿರಬೇಕೆಂದು ಹೇಳಿದವು. ಅವಕಾಶವೆಂದರೆ ಅಪ್ಪಣೆಯಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಹಾಗಾದರೆ ಹಲವು ಬೇನೆಗಳವರು ವೈದ್ಯರನ್ನು ಕೇಳಬೇಕಾದುದೇನು? ಕರುಳಿನ ದಾರಿ ಬದಲಾದರೆ ನುಂಗುವ ಗುಳಿಗೆಗಳು ಮೈಗೆ ಹತ್ತುವ ರೀತಿಯೂ ಬದಲಾಗಬಹುದು. ಕೀಲುನೋವಿಗೆ ದಿನವೂ ನೋವಿನ ಮಾತ್ರೆ ನುಂಗುವವರಿಗೆ ಬೈಪಾಸಿನ ಮೇಲೆ ಹುಣ್ಣಿನ ಭಯವುಂಟು. ಎದೆಯುರಿಯವರಿಗೆ ಸ್ಲೀವ್ ಆ ಉರಿಯನ್ನು ಹೆಚ್ಚಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರ ಪ್ರಮಾಣವನ್ನು ಶಸ್ತ್ರವಾದ ಕೂಡಲೆ ತಗ್ಗಿಸಬೇಕಾದೀತು. ಕಬ್ಬಿಣ, ಸುಣ್ಣ, ಬಿ-12 ಮೊದಲಾದವನ್ನು ಬದುಕಿರುವವರೆಗೂ ಸೇವಿಸಬೇಕು, ರಕ್ತಪರೀಕ್ಷೆ ತಪ್ಪಿಸಬಾರದು. ನನ್ನ ಯಾವ ಕಾಯಿಲೆಗೆ ಯಾವ ಕ್ರಮ ಒಗ್ಗುತ್ತದೆ, ಐದು ವರ್ಷಗಳ ಮೇಲೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ನಿಲುಗಡೆಯಿಂದ ಉತ್ತರಿಸುವ ವೈದ್ಯರನ್ನು ಹುಡುಕಬೇಕು. ಜಿ.ಎಲ್.ಪಿ.-1ರ ಗುಣವನ್ನೇ ಅನುಕರಿಸುವ ಚುಚ್ಚುಮದ್ದುಗಳೂ ಈಗ ಬಂದಿವೆ; ಅವು ಕೆಲವರಿಗೆ ಶಸ್ತ್ರವನ್ನು ತಪ್ಪಿಸಬಹುದು, ಕೆಲವರನ್ನು ಶಸ್ತ್ರಕ್ಕೆ ಅಣಿಗೊಳಿಸಬಹುದು. ಬಿಟ್ಟರೆ ತೂಕದ ಬಹುಪಾಲು ಮರಳುವುದೆಂಬುದು ಅವುಗಳ ತೊಡಕು.

ಕರುಳಿನ ಅಡ್ಡದಾರಿಯ ದುರಂತವನ್ನು ಮರೆತವನು ಶಸ್ತ್ರವನ್ನು ಮಾಯಾಮಂತ್ರವೆಂದು ನಂಬುತ್ತಾನೆ. ಅದನ್ನಷ್ಟೇ ನೆನೆಯುವವನು ಕಣ್ಣ ಮುಂದಿನ ಬೇನೆ ಬೆಳೆಯುವುದನ್ನು ಸುಮ್ಮನೆ ನೋಡುತ್ತಾನೆ. ಚರಿತ್ರೆ ಇಬ್ಬರನ್ನೂ ಒಪ್ಪುವುದಿಲ್ಲ. ಕೈಗೊಂಡರೆ ಏನು, ಬಿಟ್ಟರೆ ಏನು ಎಂದು ಎರಡು ತಟ್ಟೆಗಳಲ್ಲಿಯೂ ತೂಗಿ ನೋಡುವ ಹಕ್ಕು ನೋವುಂಡವರದು. ಬೇಡವೆಂದು ನಿರ್ಧರಿಸಿದವರು ಹೇಡಿಗಳಲ್ಲ. ಬೇಕೆಂದವರು ನಾಲಗೆಯ ಚಪಲದಿಂದ ಸೋತವರಲ್ಲ. ಅವರು ತೂಗಿ ನೋಡುವಷ್ಟು ಹೊತ್ತು ಮನೆಯವರು ನಗದೆ, ಗದರದೆ ಪಕ್ಕದಲ್ಲಿ ಕುಳಿತಿದ್ದರೆ ಅದೇ ದೊಡ್ಡ ಉಪಕಾರ.