ವಿದೇಶಿ ಖಾತೆಗಳ ಮೇಲಿನ ತೆರಿಗೆ

ವಿದೇಶಿ ಖಾತೆಗಳ ಮೇಲಿನ ತೆರಿಗೆ ಎಂದರೆ ಒಂದು ದೇಶದ ನಿವಾಸಿಯು ಹೊರದೇಶದ ಬ್ಯಾಂಕು, ಕಂಪನಿ ಅಥವಾ ಟ್ರಸ್ಟುಗಳಲ್ಲಿ ಇರಿಸಿದ ಹಣಕ್ಕೆ ಹಾಗೂ ಅದರಿಂದ ಬರುವ ಆದಾಯಕ್ಕೆ ಆತನು ನೆಲೆಸಿರುವ ದೇಶವು ವಿಧಿಸುವ ತೆರಿಗೆ. ಭಾರತದಲ್ಲಿ ಇದು ಆದಾಯ ತೆರಿಗೆ ಕಾಯಿದೆ ಮತ್ತು ೨೦೧೫ರ ಕಪ್ಪುಹಣ (ಅಘೋಷಿತ ವಿದೇಶಿ ಆದಾಯ ಮತ್ತು ಆಸ್ತಿ) ಕಾಯಿದೆಗಳ ವ್ಯಾಪ್ತಿಗೆ ಬರುತ್ತದೆ. ವಿದೇಶದಲ್ಲಿ ಖಾತೆ ಹೊಂದಿರುವುದು ತಾನಾಗಿಯೇ ಅಪರಾಧವಲ್ಲ. ತೆರಿಗೆಗೆ ಒಳಪಡಬೇಕಾದ ಹಣವನ್ನು ಮರೆಮಾಚುವುದು ಅಪರಾಧ. ಈ ಎರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದೇ ಈ ತೆರಿಗೆಯ ನ್ಯಾಯಸಮ್ಮತತೆಯ ಕುರಿತ ಚರ್ಚೆಯ ಮುಖ್ಯ ವಿಷಯವಾಗಿದೆ.

ತೆರಿಗೆಯ ಆಧಾರ

ಭಾರತದಲ್ಲಿ ತೆರಿಗೆಯ ಹೊಣೆಯನ್ನು ಪೌರತ್ವಕ್ಕಿಂತ ಮುಖ್ಯವಾಗಿ ನಿವಾಸವು ನಿರ್ಧರಿಸುತ್ತದೆ. ಒಂದು ಹಣಕಾಸು ವರ್ಷದಲ್ಲಿ ೧೮೨ ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ದೇಶದಲ್ಲಿ ಇದ್ದವರನ್ನು ಸಾಮಾನ್ಯವಾಗಿ ನಿವಾಸಿಗಳೆಂದು ಪರಿಗಣಿಸಲಾಗುತ್ತದೆ. ಸಾಮಾನ್ಯ ನಿವಾಸಿಯು ಜಗತ್ತಿನ ಯಾವ ಭಾಗದಲ್ಲಿ ಗಳಿಸಿದರೂ ಆ ಆದಾಯಕ್ಕೆ ಇಲ್ಲಿ ಲೆಕ್ಕ ಕೊಡಬೇಕು. ಅನಿವಾಸಿಯು ಭಾರತದಲ್ಲಿ ಹುಟ್ಟಿದ ಅಥವಾ ಇಲ್ಲಿ ಕೈಸೇರಿದ ಆದಾಯಕ್ಕೆ ಮಾತ್ರ ಹೊಣೆಗಾರ. ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳದಂತೆ ತಡೆಯಲು ಭಾರತವು ಅನೇಕ ರಾಷ್ಟ್ರಗಳೊಡನೆ ಒಪ್ಪಂದ ಮಾಡಿಕೊಂಡಿದೆ.

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ನಿವಾಸಿಯೊಬ್ಬರು ವರ್ಷಕ್ಕೆ ೨.೫ ಲಕ್ಷ ಡಾಲರ್‌ವರೆಗೆ ಹಣವನ್ನು ಕ್ರಮಬದ್ಧವಾಗಿ ವಿದೇಶಕ್ಕೆ ಕಳುಹಿಸಬಹುದು.

೨೦೧೫ರ ಕಾಯಿದೆಯ ಹಿನ್ನೆಲೆ

ವಿದೇಶಿ ಬ್ಯಾಂಕುಗಳಲ್ಲಿರುವ ಕಪ್ಪುಹಣದ ಬಗ್ಗೆ ವಕೀಲ ರಾಮ್ ಜೇಠ್ಮಲಾನಿ ಮತ್ತಿತರರು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ೨೦೧೧ರ ಜುಲೈ ೪ರಂದು ನ್ಯಾಯಾಲಯವು ವಿಶೇಷ ತನಿಖಾ ತಂಡ ರಚಿಸಲು ಆದೇಶಿಸಿತು. ಅದೇ ತೀರ್ಪಿನಲ್ಲಿ, ತಪ್ಪು ಮಾಡಿದ್ದಾರೆಂದು ಕಂಡುಬರದ ಖಾತೆದಾರರ ವಿವರಗಳನ್ನು ಬಹಿರಂಗಪಡಿಸುವುದು ಅವರ ಖಾಸಗಿತನದ ಹಕ್ಕಿಗೆ ಧಕ್ಕೆ ತರುತ್ತದೆ ಎಂದೂ ಹೇಳಿತು. ನ್ಯಾಯಮೂರ್ತಿ ಎಂ. ಬಿ. ಷಾ ಅವರ ಅಧ್ಯಕ್ಷತೆಯಲ್ಲಿ ತಂಡವು ೨೦೧೪ರ ಮೇ ತಿಂಗಳಲ್ಲಿ ರಚನೆಯಾಯಿತು.

೨೦೧೫ರ ಜುಲೈ ೧ರಿಂದ ಜಾರಿಗೆ ಬಂದ ಕಾಯಿದೆಯು ಅಘೋಷಿತ ವಿದೇಶಿ ಆಸ್ತಿಯ ಮೌಲ್ಯಕ್ಕೆ ಶೇ. ೩೦ ತೆರಿಗೆಯನ್ನೂ ಆ ತೆರಿಗೆಯ ಮೂರು ಪಟ್ಟು ದಂಡವನ್ನೂ ನಿಗದಿಪಡಿಸಿತು. ಉದಾಹರಣೆಗೆ, ಒಂದು ಕೋಟಿ ರೂಪಾಯಿಯ ಗುಪ್ತ ಖಾತೆಗೆ ೩೦ ಲಕ್ಷ ತೆರಿಗೆ, ೯೦ ಲಕ್ಷ ದಂಡ, ಒಟ್ಟು ೧.೨೦ ಕೋಟಿ. ಅಂದರೆ ತೆರಬೇಕಾದ ಮೊತ್ತವು ಆಸ್ತಿಯನ್ನೇ ಮೀರುತ್ತದೆ. ಉದ್ದೇಶಪೂರ್ವಕ ತೆರಿಗೆ ವಂಚನೆಗೆ ೩ರಿಂದ ೧೦ ವರ್ಷಗಳ ಕಠಿಣ ಸೆರೆವಾಸವಿದೆ. ಆರಂಭದಲ್ಲಿ ಶೇ. ೬೦ರಷ್ಟು ತೆತ್ತು ಆಸ್ತಿ ಘೋಷಿಸಲು ಮೂರು ತಿಂಗಳ ಅವಕಾಶ ನೀಡಲಾಗಿತ್ತು. ಆಗ ೬೪೮ ಘೋಷಣೆಗಳಲ್ಲಿ ೪,೧೬೪ ಕೋಟಿ ರೂಪಾಯಿಯ ಆಸ್ತಿ ಬೆಳಕಿಗೆ ಬಂದು, ಸುಮಾರು ೨,೪೭೬ ಕೋಟಿ ರೂಪಾಯಿ ಸಂಗ್ರಹವಾಯಿತು.

ಪರ ಮತ್ತು ವಿರೋಧ ವಾದಗಳು

ಸಮಾನ ಆದಾಯವುಳ್ಳವರು ಸಮಾನ ತೆರಿಗೆ ತೆರಬೇಕೆಂಬುದು ಪರವಾದದ ತಿರುಳು. ಶಿವಮೊಗ್ಗದ ಶಿಕ್ಷಕನ ಅಥವಾ ಭದ್ರಾವತಿಯ ಕಾರ್ಖಾನೆ ನೌಕರನ ತೆರಿಗೆಯು ಸಂಬಳ ಕೈಸೇರುವ ಮೊದಲೇ ಕಡಿತವಾಗುತ್ತದೆ. ಅವರಿಗೆ ಮರೆಮಾಚುವ ಅವಕಾಶವೇ ಇಲ್ಲ. ದೇಶದ ರಸ್ತೆ, ನ್ಯಾಯಾಲಯ, ಮಾರುಕಟ್ಟೆಗಳ ನೆರವಿನಿಂದ ಗಳಿಸಿದ ಸಿರಿವಂತರ ಹಣ ಗಡಿ ದಾಟಿದ ಮಾತ್ರಕ್ಕೆ ತೆರಿಗೆಯಿಂದ ಪಾರಾದರೆ, ಆ ಕೊರತೆಯನ್ನು ಉಳಿದವರೇ ತುಂಬಬೇಕಾಗುತ್ತದೆ.

ವಿರೋಧಿಸುವವರಲ್ಲಿ ಹೆಚ್ಚಿನವರು ತೆರಿಗೆಯನ್ನು ಆಕ್ಷೇಪಿಸುವುದಿಲ್ಲ. ಶಿಕ್ಷೆಯ ಪ್ರಮಾಣವನ್ನೂ ಹಿಂದಿನ ಕೃತ್ಯಗಳಿಗೆ ಅದನ್ನು ಅನ್ವಯಿಸುವ ಕ್ರಮವನ್ನೂ ಪ್ರಶ್ನಿಸುತ್ತಾರೆ. ವಂಚಿಸುವವನನ್ನೂ ಮರೆತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಅವರ ವಾದ.

ಕರ್ನಾಟಕದ ಸಂದರ್ಭಗಳು

ಕೊಲ್ಲಿಯ ಕನ್ನಡಿಗರು: ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಹಾಗೂ ಭಟ್ಕಳದ ಅನೇಕ ಕುಟುಂಬಗಳು ಕೊಲ್ಲಿ ರಾಷ್ಟ್ರಗಳ ದುಡಿಮೆಯನ್ನು ಅವಲಂಬಿಸಿವೆ. ಅನಿವಾಸಿಗಳ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ. ಎನ್‌ಆರ್‌ಒ ಖಾತೆಯ ಬಡ್ಡಿಗೆ ಇಲ್ಲ. ಯಾವ ದೇಶದಲ್ಲೂ ತೆರಿಗೆ ಕಟ್ಟದ ಭಾರತೀಯ ಪೌರರನ್ನು ನಿವಾಸಿಗಳೆಂದು ಭಾವಿಸುವ ಪ್ರಸ್ತಾವ ೨೦೨೦ರ ಆಯವ್ಯಯದಲ್ಲಿ ಬಂದಾಗ ಈ ಕುಟುಂಬಗಳಲ್ಲಿ ಆತಂಕ ಮೂಡಿತು. ಪ್ರಾಮಾಣಿಕ ದುಡಿಮೆಗಾರರ ವಿದೇಶಿ ಸಂಬಳಕ್ಕೆ ತೆರಿಗೆ ಇಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಬಳಿಕ ಆ ನಿಯಮವನ್ನು ವಿದೇಶಿ ಮೂಲದ ಆದಾಯ ಹೊರತುಪಡಿಸಿ ೧೫ ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವುಳ್ಳವರಿಗೆ ಸೀಮಿತಗೊಳಿಸಲಾಯಿತು.

ಬೆಂಗಳೂರಿನ ತಂತ್ರಜ್ಞಾನ ನೌಕರರು: ಬಹುರಾಷ್ಟ್ರೀಯ ಕಂಪನಿಗಳು ನೌಕರರಿಗೆ ವಿದೇಶಿ ಮಾತೃಸಂಸ್ಥೆಯ ಷೇರುಗಳನ್ನು ನೀಡುವುದುಂಟು. ಅವುಗಳಿಗೆ ಸಂಬಳದ ಭಾಗವಾಗಿ ತೆರಿಗೆ ಕಡಿತವಾಗಿದ್ದರೂ ರಿಟರ್ನ್ಸ್‌ನ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ಅವನ್ನು ನಮೂದಿಸಲೇಬೇಕು. ತಪ್ಪಿದರೆ ಆಸ್ತಿ ಎಷ್ಟೇ ಚಿಕ್ಕದಾಗಿದ್ದರೂ ೧೦ ಲಕ್ಷ ರೂಪಾಯಿ ದಂಡ ಬೀಳುವ ಸಾಧ್ಯತೆಯಿತ್ತು. ಸಣ್ಣ ಮೊತ್ತದ ಬ್ಯಾಂಕ್ ಖಾತೆಗಳಿಗೆ ಮಾತ್ರ ರಿಯಾಯಿತಿ ಇತ್ತು. ೨೦೨೪ರ ಅಕ್ಟೋಬರ್ ೧ರಿಂದ, ಸ್ಥಿರಾಸ್ತಿ ಹೊರತುಪಡಿಸಿ ಒಟ್ಟು ೨೦ ಲಕ್ಷ ರೂಪಾಯಿ ಮೀರದ ಆಸ್ತಿಗಳನ್ನು ಈ ದಂಡದಿಂದ ಕೈಬಿಡಲಾಗಿದೆ.

ಉಚ್ಚ ನ್ಯಾಯಾಲಯದ ತೀರ್ಪು: ಹಳೆಯ ಆಸ್ತಿಯನ್ನು ಗಡುವಿನೊಳಗೆ ಘೋಷಿಸದಿದ್ದರೆ, ನೋಟಿಸ್ ನೀಡಿದ ವರ್ಷದಲ್ಲೇ ಅದನ್ನು ಗಳಿಸಿದಂತೆ ಭಾವಿಸಬೇಕೆಂದು ಕಾಯಿದೆಯ ೭೨(ಸಿ) ಕಲಮು ಹೇಳುತ್ತದೆ. ಕಾಯಿದೆ ಬರುವ ಮುಂಚಿನ ವಿದೇಶಿ ಆಸ್ತಿಗೆ ಸಂಬಂಧಿಸಿದ ಕ್ರಿಮಿನಲ್ ಮೊಕದ್ದಮೆಯೊಂದನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೪ರಲ್ಲಿ ರದ್ದುಪಡಿಸಿತು. ಕೃತ್ಯ ನಡೆದಾಗ ಜಾರಿಯಲ್ಲಿರದ ಕಾನೂನಿನಡಿ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ ಎಂಬ ಸಂವಿಧಾನದ ೨೦(೧)ನೇ ವಿಧಿಯೇ ಈ ತೀರ್ಪಿಗೆ ಆಧಾರ.

ಮಾಹಿತಿ ವಿನಿಮಯ

ಗುಪ್ತ ಖಾತೆಗಳ ಪತ್ತೆಗೆ ಈಗ ದೇಶಗಳ ನಡುವಿನ ಸ್ವಯಂಚಾಲಿತ ಮಾಹಿತಿ ವಿನಿಮಯ ವ್ಯವಸ್ಥೆ ಮುಖ್ಯ ಸಾಧನವಾಗಿದೆ. ಭಾರತವು ೨೦೧೭ರಿಂದ ಇದರಲ್ಲಿ ಭಾಗಿಯಾಗಿದ್ದು, ಸ್ವಿಟ್ಜರ್ಲೆಂಡ್ ತನ್ನಲ್ಲಿರುವ ಭಾರತೀಯರ ಖಾತೆಗಳ ವಿವರವನ್ನು ೨೦೧೯ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಈ ವ್ಯವಸ್ಥೆಯಡಿ ಹಂಚಿಕೊಂಡಿತು. ೨೦೨೪ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯು ಇಂಥ ಮಾಹಿತಿಯ ಆಧಾರದ ಮೇಲೆ ತೆರಿಗೆದಾರರಿಗೆ ಸಂದೇಶ ಕಳುಹಿಸಿ, ರಿಟರ್ನ್ಸ್ ತಿದ್ದಿಕೊಳ್ಳಲು ಸೂಚಿಸಿತು. ಈ ಅಭಿಯಾನದಲ್ಲಿ ೨೪,೦೦೦ಕ್ಕೂ ಹೆಚ್ಚು ಮಂದಿ ತಮ್ಮ ರಿಟರ್ನ್ಸ್ ಪರಿಷ್ಕರಿಸಿದರು. ಒಟ್ಟಾರೆ ೨೯,೨೦೮ ಕೋಟಿ ರೂಪಾಯಿಯ ವಿದೇಶಿ ಆಸ್ತಿ ಘೋಷಣೆಯಾಯಿತು. ಈ ಮೊತ್ತವು ೨೦೧೫ರ ಘೋಷಣಾ ಅವಧಿಯಲ್ಲಿ ಹೊರಬಂದ ಆಸ್ತಿಯ ಸುಮಾರು ಏಳು ಪಟ್ಟು. ಆದರೆ ಇವೆಲ್ಲವೂ ಕಪ್ಪುಹಣವಲ್ಲ. ತೆರಿಗೆ ಕಟ್ಟಿಯೂ ನಮೂದಿಸದೆ ಬಿಟ್ಟ ಆಸ್ತಿಗಳೂ ಇಂಥ ಘೋಷಣೆಗಳಲ್ಲಿ ಸೇರುತ್ತವೆ.