ಮೆರ್ಸೆನ್ ಗುರುಗಳ ಪಟ್ಟಿ, ಪೆರ್ವುಶಿನ್ ಗುರುಗಳ ಸಂಖ್ಯೆ



1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಇದರ ಚರಿತ್ರೆಯಲ್ಲಿ ಇಬ್ಬರು ಧರ್ಮಗುರುಗಳ ಪಾಲಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಮೊದಲನೆಯವರು ಫ್ರಾನ್ಸಿನ ಮಾರೆನ್ ಮೆರ್ಸೆನ್ (1588–1648), ಮಿನಿಮ್ ಸಭೆಯ ಸನ್ಯಾಸಿ. ಪ್ಯಾರಿಸ್ಸಿನ ಮಠದಿಂದ ದೆಕಾರ್ತ್, ಫರ್ಮಾ ಮೊದಲಾದ ಪಂಡಿತರಿಗೆ ಪತ್ರ ಬರೆಯುತ್ತಾ, ಒಬ್ಬರ ವಿಚಾರವನ್ನು ಇನ್ನೊಬ್ಬರಿಗೆ ತಲುಪಿಸುತ್ತಿದ್ದರು. ಎರಡನ್ನು ಎರಡರಿಂದಲೇ ಮತ್ತೆ ಮತ್ತೆ ಗುಣಿಸಿ, ಕೊನೆಗೆ 1 ಕಳೆದಾಗ ಬರುವ ಸಂಖ್ಯೆಗಳು ಅವರ ಮನಸ್ಸನ್ನು ಹಿಡಿದವು. ಮೂರು ಎರಡುಗಳ ಗುಣಲಬ್ಧ 8. ಒಂದು ಕಳೆದರೆ 7. ಐದು ಎರಡುಗಳಾದರೆ 31, ಏಳಾದರೆ 127. ಎಲ್ಲವೂ ಅವಿಭಾಜ್ಯ. ಆದರೆ ಹನ್ನೊಂದಕ್ಕೆ ಬರುವ 2047 ಹಾಗಲ್ಲ. ಅದು 23 × 89.

ಹಾಗಾದರೆ ಯಾವ ಘಾತಗಳಿಗೆ ಅವಿಭಾಜ್ಯ ಸಿಗುತ್ತದೆ? 257ರವರೆಗೆ 2, 3, 5, 7, 13, 17, 19, 31, 67, 127, 257 ಮಾತ್ರ ಎಂದು ಮೆರ್ಸೆನ್ 1644ರಲ್ಲಿ ಬರೆದರು. ದೊಡ್ಡವುಗಳನ್ನು ಪರೀಕ್ಷಿಸುವ ದಾರಿ ಅಂದು ಯಾರಿಗೂ ಇರಲಿಲ್ಲ. 31ನೆಯದನ್ನು, ಅಂದರೆ 2,14,74,83,647 ಅನ್ನು, ಆಯ್ಲರ್ 1772ರಲ್ಲಿ ಸಾಧಿಸಿ ತೋರಿಸಿದರು.

ಎರಡನೆಯವರು ರಷ್ಯದ ಹಳ್ಳಿಯೊಂದರ ಆರ್ಥಡಾಕ್ಸ್ ಗುರು ಇವಾನ್ ಪೆರ್ವುಶಿನ್. 1883ರಲ್ಲಿ ಅವರು ಪಟ್ಟಿಯಲ್ಲಿಲ್ಲದ 61ನ್ನು ಕೈಗೆತ್ತಿಕೊಂಡು, 23,05,84,30,09,21,36,93,951 ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಸಾಧಿಸಿದರು. ಬರೀ ಭಾಗಿಸುತ್ತಾ ಹೋದರೆ ನೂರೈವತ್ತು ಕೋಟಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಪ್ರಯತ್ನಿಸಬೇಕಾಗುತ್ತಿತ್ತು. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕವಿದು!

ಪಟ್ಟಿಯಲ್ಲಿದ್ದ 67ರ ಗತಿಯೂ ಬೇರೆಯಾಯಿತು. ಅದು ಅವಿಭಾಜ್ಯವಲ್ಲವೆಂದು ಲುಕಾ 1876ರಲ್ಲೇ ತೋರಿಸಿದ್ದರು. ಆದರೆ ಅದನ್ನು ಭಾಗಿಸುವ ಸಂಖ್ಯೆಗಳು ಸಿಕ್ಕಿರಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಅವನ್ನು ಕಂಡುಹಿಡಿದರು: 19,37,07,721 ಮತ್ತು 7,61,83,82,57,287. 1947ರ ಹೊತ್ತಿಗೆ ಇಡೀ ಪಟ್ಟಿಯ ಪರೀಕ್ಷೆ ಮುಗಿಯಿತು. 67 ಮತ್ತು 257 ತಪ್ಪು; 61, 89, 107 ಬಿಟ್ಟುಹೋಗಿದ್ದವು. ಒಟ್ಟು ಐದು ತಪ್ಪು.

ಆದರೂ ಇವುಗಳಿಗೆ ಇಂದಿಗೂ ಮೆರ್ಸೆನ್ ಅವಿಭಾಜ್ಯಗಳೆಂದೇ ಹೆಸರು. 2024ರಲ್ಲಿ ಸಿಕ್ಕ 52ನೆಯದರಲ್ಲಿ 4,10,24,320 ಅಂಕಿಗಳಿವೆ. ತಪ್ಪಿದ್ದರೂ ಪ್ರಶ್ನೆ ಒಳ್ಳೆಯದಾಗಿತ್ತು. ಮುಂದಿನ ಮುನ್ನೂರು ವರ್ಷ ಜನರನ್ನು ಲೆಕ್ಕಕ್ಕೆ ಕೂರಿಸಿತು. ಹಿರಿಯರ ಮಾತನ್ನು ಪರೀಕ್ಷಿಸಿ ನೋಡುವುದು ಅಗೌರವವಲ್ಲ ಎಂದು ಪೆರ್ವುಶಿನ್ ಗುರುಗಳ ಲೆಕ್ಕ ನಮಗೆ ಹೇಳುತ್ತದೆ.

ನಾವೂ ಒಂದು ಸಣ್ಣ ಪರೀಕ್ಷೆ ಮಾಡೋಣ. 23 ಎರಡುಗಳನ್ನು ಗುಣಿಸಿ 1 ಕಳೆದರೆ 83,88,607. ಕಾಗದ, ಪೆನ್ನು ಹಿಡಿದು ಇದನ್ನು 47ರಿಂದ ಭಾಗಿಸಿ ನೋಡಿ.