ಕಾರಿನ ಕಿರುಗುಟ್ಟುವಿಕೆ

ಕಾರು ಮೆಲ್ಲಗೆ, ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಸಾಗುವಾಗ ಬ್ರೇಕು, ಗಾಲಿ, ಸಸ್ಪೆನ್ಷನ್ ಅಥವಾ ಪ್ರೊಪೆಲ್ಲರ್ ಶಾಫ್ಟಿನಿಂದ ಹೊರಡುವ ತೀಕ್ಷ್ಣ ಸದ್ದು. ವೇಗ ಏರಿದಂತೆ ಗಾಳಿ ಮತ್ತು ಟೈರಿನ ಸದ್ದು ಇದನ್ನು ಮುಚ್ಚಿಬಿಡುತ್ತದೆ. ದೋಷ ಮಾತ್ರ ಹಾಗೇ ಉಳಿದಿರುತ್ತದೆ. ಅಥಣಿ, ಕಾಗವಾಡ, ರಾಯಬಾಗ ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಕಾರುಗಳು ಬಹು ದೂರ ನಿಧಾನವಾಗಿಯೇ ಹೋಗಬೇಕು. ಉಳಿದ ದಿನ ಕಿವಿಗೆ ಬೀಳದ ಸದ್ದು ಆಗ ಬೀಳುತ್ತದೆ. ‘ಗಾಡಿ ಕಿರ್ ಅನ್ನಾಕತ್ತೈತಿ’ ಎಂಬ ಒಂದೇ ದೂರಿನ ಹಿಂದೆ ಐದಾರು ಬೇರೆ ಬೇರೆ ದೋಷಗಳಿರಬಹುದು. ಅವುಗಳಲ್ಲಿ ಕೆಲವು ನಿರುಪದ್ರವಿ, ಒಂದೆರಡು ಪ್ರಾಣಕ್ಕೇ ಕುತ್ತು.

ಸದ್ದು ಹುಟ್ಟುವ ಬಗೆ

ಒಂದಕ್ಕೊಂದು ಒತ್ತಿಕೊಂಡ ಎರಡು ಮೈಗಳು ಮೆಲ್ಲಗೆ ಜಾರುವಾಗ ಕ್ಷಣ ಹಿಡಿದು, ಕ್ಷಣ ಬಿಡುತ್ತವೆ. ನಿಂತ ಮೈಗಳ ನಡುವಿನ ಘರ್ಷಣೆ ಜಾರುವ ಮೈಗಳ ಘರ್ಷಣೆಗಿಂತ ಹೆಚ್ಚಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಹಿಡಿ-ಬಿಡು ಸೆಕೆಂಡಿಗೆ ಸಾವಿರಾರು ಸಲ ನಡೆದು, ಬ್ರೇಕಿನ ಡಿಸ್ಕ್ ಗಂಟೆಯ ಹಾಗೆ ಅದುರಿದರೆ ಕೀಚಲು ದನಿ ಹೊರಡುತ್ತದೆ. ಬಾಗಿಲ ತಿರುಗಣಿ ಕಿರುಗುಟ್ಟುವುದೂ ಪಿಟೀಲಿನ ತಂತಿ ನುಡಿಯುವುದೂ ಇದೇ ತತ್ವದಿಂದ.

ಚಕ್ಕಡಿ ಹೂಡಿದವರಿಗೆ ಇದು ಹೊಸ ಸಂಗತಿಯಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಕೀಲೆಣ್ಣೆಯನ್ನು ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಸವರುತ್ತಿದ್ದರು. ಅದು ಒಣಗಿತೆಂದು ತಿಳಿಸುತ್ತಿದ್ದುದು ಗಾಲಿಯ ಸದ್ದೇ. ಬ್ರೇಕಿಗೆ ಮಾತ್ರ ಈ ಉಪಾಯ ನಡೆಯದು, ಏಕೆಂದರೆ ಬ್ರೇಕಿನ ಕೆಲಸವೇ ಘರ್ಷಣೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಪೇಟೆಂಟ್ ಪಡೆದ ಡಿಸ್ಕ್ ಬ್ರೇಕಿನಲ್ಲಿ ಲೋಹಕ್ಕೆ ಲೋಹ ತಾಗಿ ಅಸಹನೀಯ ಕಿರುಚಾಟ ಉಂಟಾಗುತ್ತಿತ್ತು. ಹರ್ಬರ್ಟ್ ಫ್ರೂಡ್ 1907ರ ಸುಮಾರಿಗೆ ಕಲ್ನಾರಿನ ಲೈನಿಂಗ್ ತಂದ ಮೇಲೆ ಅದು ತಗ್ಗಿತು. ಕುದುರೆ ಗಾಡಿಯವರು ಬ್ರೇಕಿನ ಮರಕ್ಕೆ ಹಳೆಯ ಬೂಟು ಕಟ್ಟುವುದನ್ನು ಕಂಡು ಫ್ರೂಡ್‌ಗೆ ಲೈನಿಂಗಿನ ಯೋಚನೆ ಹೊಳೆಯಿತೆಂದು ಹೇಳಲಾಗುತ್ತದೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದದ್ದು ಆಮೇಲೆ. ಯಾವ ಲೈನರಿನಲ್ಲಿ ಕಲ್ನಾರಿದೆಯೆಂದು ಕಣ್ಣಿಗೆ ತಿಳಿಯದ ಕಾರಣ, ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿಯ ಪೈಪಿನಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಲಯದಿಂದ ಪತ್ತೆ

ಬಿಚ್ಚುವ ಮೊದಲು ಕೇಳುವುದು ಮುಖ್ಯ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ಮೆಲ್ಲಗೆ ಓಡಿಸಿದರೆ ಸದ್ದು ಗೋಡೆಗೆ ಬಡಿದು ಸ್ಪಷ್ಟವಾಗಿ ಮರಳುತ್ತದೆ. ಮೊದಲು ಗಮನಿಸಬೇಕಾದದ್ದು ಅದರ ಲಯ. 165/80 ಆರ್ 14 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್, ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದು ಹತ್ತು ಸೆಕೆಂಡಿಗೆ ಸುಮಾರು 14 ಸುತ್ತು ಹಾಕುತ್ತದೆ. ಸದ್ದಿನ ಎಣಿಕೆಯೂ ಅಷ್ಟೇ ಇದ್ದರೆ ದೋಷ ಗಾಲಿಯಲ್ಲೋ ಅದರ ಬ್ರೇಕಿನಲ್ಲೋ ಇದೆ. ಹಿಂಗಾಲಿಗಳಿಗೆ ಶಕ್ತಿ ಹೋಗುವ ಜೀಪು, ಬೊಲೆರೊ ಬಗೆಯ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಗಾಲಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಗಾಲಿಯ ಲಯವನ್ನು ಮೀರಿ ಗುಬ್ಬಿಯಂತೆ ‘ಚೀಂವ್ ಚೀಂವ್’ ಎನ್ನುವ ಸದ್ದಿಗೆ ಶಾಫ್ಟಿನ ಕ್ರಾಸ್ ಒಣಗಿರುವುದು ಬಹುಮಟ್ಟಿಗೆ ಕಾರಣ. ನಿಪ್ಪಲ್ ಇದ್ದರೆ ಗ್ರೀಸ್ ಹೊಡೆದು ನೋಡಬಹುದು. ಆಟ ಬಂದಿದ್ದರೆ ಕ್ರಾಸ್ ಬದಲಿಸಲೇಬೇಕು.

ಗಾಡಿ ನಿಂತಾಗಲೂ ಸದ್ದಿದ್ದರೆ ಅದು ಎಂಜಿನ್ನಿನ ಬೆಲ್ಟಿನದಿರಬಹುದು. ಕ್ಲಚ್ ಒತ್ತಿದಾಗ ಬದಲಾದರೆ ರಿಲೀಸ್ ಬೇರಿಂಗನ್ನು ಸಂಶಯಿಸಬೇಕು. ಲಯವೇ ಇಲ್ಲದೆ ತಗ್ಗು-ದಿಣ್ಣೆಗೆ ಮಾತ್ರ ಕಿರುಗುಟ್ಟಿದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ನೋಡಬೇಕು. ನೀರು ಚಿಮುಕಿಸಿದಾಗ ಸದ್ದು ತುಸು ಹೊತ್ತು ನಿಂತರೆ ಸಂಶಯ ಗಟ್ಟಿಯಾಗುತ್ತದೆ. ಎಂಜಿನ್ ಆಯಿಲ್ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬ್ರೇಕು

ಪೆಡಲನ್ನು ಹಗುರವಾಗಿ ಒತ್ತಿದಾಗ ಸದ್ದು ನಿಲ್ಲುತ್ತದೆಯೋ ಹುಟ್ಟುತ್ತದೆಯೋ ಎಂಬುದು ನಿರ್ಣಾಯಕ. ನಿಂತರೆ ಸಡಿಲವಾದ ಪ್ಯಾಡ್ ಡಿಸ್ಕಿಗೆ ತಾಗಿ ಅದುರುತ್ತಿರಬಹುದು. ಹುಟ್ಟಿದರೆ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿರಬಹುದು ಇಲ್ಲವೆ ಡ್ರಮ್ಮಿನಲ್ಲಿ ಧೂಳು ಕೂತಿರಬಹುದು. ಅನೇಕ ಪ್ಯಾಡುಗಳಲ್ಲಿ, ಲೈನಿಂಗ್ ಎರಡು-ಮೂರು ಮಿಲಿಮೀಟರಿಗೆ ಸವೆದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಕೂರಿಸಿದ ಉಕ್ಕಿನ ನಾಲಿಗೆಯಿರುತ್ತದೆ. ಆ ಕೂಗು ದೋಷವಲ್ಲ, ಎಚ್ಚರಿಕೆ. ಅದನ್ನು ಕಡೆಗಣಿಸಿದರೆ ‘ಕರ್ ಕರ್’ ಎಂದು ಲೋಹ ಕೆರೆಯುವ ಸದ್ದು ಬರುತ್ತದೆ. ಅಲ್ಲಿಗೆ ಗಾಡಿ ನಿಲ್ಲಿಸಬೇಕು.

ಬ್ರೇಕ್ ಒತ್ತದೆಯೂ ಒಂದೇ ಗಾಲಿ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಕ್ಯಾಲಿಪರಿನ ಪಿನ್ ಒಣಗಿ ಬ್ರೇಕ್ ಹಿಡಿದುಕೊಂಡಿರಬಹುದು. ಬಿಸಿ ನೋಡಲು ಗಾಲಿಯ ಹತ್ತಿರ ಅಂಗೈ ಹಿಡಿದರೆ ಸಾಕು. ಡಿಸ್ಕ್ ಮುಟ್ಟಿದರೆ ಕೈ ಸುಡುತ್ತದೆ. ರಾತ್ರಿ ಮಳೆಯಾದ ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಕಿರುಚಿ ಸುಮ್ಮನಾಗುವ ಸದ್ದು ಬರಿಯ ತುಕ್ಕಿನದು.

ಎರೆಮಣ್ಣು ಮತ್ತು ಹೊಳೆ

ಕೃಷ್ಣಾ ತೀರದ ಎರೆಮಣ್ಣು ಒಣಗಿದಾಗ ನುಣ್ಣನೆಯ ಧೂಳು, ನೆನೆದಾಗ ಅಂಟು ಕೆಸರು. ಎರಡೂ ಡ್ರಮ್ಮಿಗೆ ಸೇರುತ್ತವೆ. ಹೊಲದ ದಾರಿಯ ಸಣ್ಣ ಹರಳು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡರೆ ಚಾಲಕ ಗಾಬರಿಯಾಗುವಷ್ಟು ಕಿರುಚುತ್ತದೆ. ನಾಲ್ಕು ಮಾರು ಹಿಂದಕ್ಕೆ ಓಡಿಸಿದರೆ ಎಷ್ಟೋ ಸಲ ಅದು ತಾನೇ ಉದುರುತ್ತದೆ.

2005 ಮತ್ತು 2019ರ ಮಹಾಪೂರಗಳಲ್ಲಿ ಅಥಣಿ, ಚಿಕ್ಕೋಡಿ, ರಾಯಬಾಗ ಭಾಗದ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಹೀಗೆ ನೀರಲ್ಲಿ ನಿಂತ ಗಾಡಿಯ ಗಾಲಿ ಬೇರಿಂಗಿನಲ್ಲಿ ದೋಷ ಕೂಡಲೇ ಕಾಣದು. ನೀರು ಒಳಹೊಕ್ಕು ಗ್ರೀಸ್ ಕೆಟ್ಟು, ಗುಂಡುಗಳಿಗೆ ತುಕ್ಕು ಹಿಡಿದು, ಕೆಲವು ವಾರಗಳ ಮೇಲೆ ಕಿರುಗುಟ್ಟಿಗಿಂತ ಗುಂಯ್ ಎನ್ನುವ ಸದ್ದಾಗಿ ಹೊರಬೀಳುತ್ತದೆ. ಹಳೆಯ ಜೀಪುಗಳ ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈಯಿಂದ ಹೊಸ ಗ್ರೀಸ್ ತುಂಬಬಹುದಿತ್ತು. ಈಗಿನ ಬಹುತೇಕ ಕಾರುಗಳ ಮುಂಗಾಲಿ ಬೇರಿಂಗ್ ಸೀಲ್ ಆಗಿರುವುದರಿಂದ ಇಡಿಯಾಗಿಯೇ ಬದಲಿಸಬೇಕು.